ಬೀಗವೂ ಬೀಗದಕೈಯೂ: ರೇಷ್ಮೆ ಹುಳುವಿನ ನರಚೋದಕಗಳು

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ರೇಷ್ಮೆ ಬೆಳೆಗಾರರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಶ್ರೀರಂಗಪಟ್ಟಣಕ್ಕೂ ರೇಷ್ಮೆ ಹುಳುವಿಗೂ ಇನ್ನೂರು ವರ್ಷಗಳನ್ನು ಮೀರಿದ ನಂಟು ಉಂಟು. 1780ರ ದಶಕದಲ್ಲಿ ಟಿಪ್ಪು ಸುಲ್ತಾನನು ಬಂಗಾಳಕ್ಕೆ ಜನರನ್ನು ಕಳುಹಿಸಿ ರೇಷ್ಮೆ ಹುಳುಗಳನ್ನು ತರಿಸಿದನು. ಅವು ಬಂದು ತಲುಪುವ ಮೊದಲೇ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಪತ್ರ ಬರೆದು, ಆ ಹುಳುಗಳನ್ನು ಎಂತಹ ಜಾಗದಲ್ಲಿ ಇಡಬೇಕು, ಅವುಗಳ ಸಂತಾನವನ್ನು ಹೇಗೆ ಹೆಚ್ಚಿಸಬೇಕು ಎಂಬುದನ್ನು ತಂದವರಿಂದಲೇ ಕೇಳಿ ತಿಳಿದುಕೊಳ್ಳುವಂತೆ ಸೂಚಿಸಿದನು. ಎಂತಹ ಜಾಗ, ಎಷ್ಟು ಶಾಖ, ಎಷ್ಟು ಬೆಳಕು ಎಂಬ ಆ ಪ್ರಶ್ನೆಯನ್ನು ರೇಷ್ಮೆ ಬೆಳೆಗಾರರು ಇಂದಿಗೂ ಕೇಳುತ್ತಿದ್ದಾರೆ. ವ್ಯತ್ಯಾಸವಿಷ್ಟೇ: ಹೀಗೆ ಮಾಡಿ ಎಂದು ಹೇಳುವುದರ ಜೊತೆಗೆ, ಹೀಗೇಕೆ ಮಾಡಬೇಕು ಎಂಬುದನ್ನೂ ಇಂದು ವಿಜ್ಞಾನ ತಿಳಿಸಬಲ್ಲದು.

ರೇಷ್ಮೆ ಬೆಳೆಯಲ್ಲಿ ರೋಗದಿಂದಾಗುವ ನಷ್ಟ ಎಲ್ಲರಿಗೂ ತಿಳಿದದ್ದೇ. ರೋಗವೇನೂ ಇಲ್ಲದೆಯೂ ನಷ್ಟವಾಗುವುದುಂಟು. ಮೊಟ್ಟೆಗಳು ಒಂದೇ ದಿನ ಒಡೆಯದೆ ಮೂರು ದಿನ ಎಳೆಯುತ್ತವೆ. ಒಂದೇ ತಟ್ಟೆಯಲ್ಲಿ ಕೆಲವು ಹುಳುಗಳು ಜ್ವರಕ್ಕೆ ಕುಳಿತಿದ್ದರೆ ಕೆಲವು ಇನ್ನೂ ಸೊಪ್ಪು ಮೇಯುತ್ತಿರುತ್ತವೆ. ಕೊನೆಗೆ ಹಣ್ಣಾಗುವಾಗಲೂ ಹಿಂದುಮುಂದಾಗಿ, ಚಂದ್ರಿಕೆಗೆ ಬಿಡುವ ಆಳಿನ ಕೂಲಿ ಎರಡರಷ್ಟಾಗುತ್ತದೆ. ಕೆಲವೊಮ್ಮೆಯಂತೂ ಹುಳು ದಪ್ಪವಾಗಿ, ಆರೋಗ್ಯವಾಗಿಯೇ ಕಂಡರೂ ಗೂಡು ಕಟ್ಟುವುದೇ ಇಲ್ಲ. ಇವೆಲ್ಲಕ್ಕೂ ಸಂಬಂಧಿಸಿದ ಗುಟ್ಟು ಹುಳುವಿನ ಸಾಸಿವೆಗಿಂತಲೂ ಚಿಕ್ಕದಾದ ಮೆದುಳಿನಲ್ಲಿಯೂ ಅದರ ಸುತ್ತಲಿನ ನರಗಂಟುಗಳಲ್ಲಿಯೂ ಅಡಗಿದೆ.

ನರಚೋದಕವೆಂದರೇನು?

ಪ್ರಾಣಿಗಳ ಶರೀರದಲ್ಲಿ ಒಂದು ಅಂಗವು ಮತ್ತೊಂದು ಅಂಗಕ್ಕೆ ರಕ್ತದ ಮೂಲಕ ಕಳುಹಿಸುವ ರಾಸಾಯನಿಕ ಸಂದೇಶಕ್ಕೆ ಹಾರ್ಮೋನು ಅಥವಾ ಚೋದಕ ಎಂದು ಹೆಸರು. ಮೆದುಳು ಮತ್ತು ನರಗಂಟುಗಳ ಕೆಲವು ಕೋಶಗಳು ಇಂತಹ ಸಂದೇಶವನ್ನು ಪ್ರೋಟೀನಿನ ಚಿಕ್ಕ ತುಂಡುಗಳ ರೂಪದಲ್ಲಿ ತಯಾರಿಸುತ್ತವೆ. ಈ ತುಂಡುಗಳಿಗೆ ಪೆಪ್ಟೈಡ್ ಎನ್ನುತ್ತಾರೆ. ನರಕೋಶದಿಂದ ಬರುವುದರಿಂದ ಇವು ನರಪೆಪ್ಟೈಡ್‌ಗಳು, ಅಂದರೆ ನರಚೋದಕಗಳು.

ಚೋದಕ ರಕ್ತದಲ್ಲಿ ಎಲ್ಲೆಡೆ ಹರಿದರೂ ಎಲ್ಲ ಅಂಗಗಳೂ ಅದಕ್ಕೆ ಓಗೊಡುವುದಿಲ್ಲ. ಯಾವ ಅಂಗದ ಕೋಶಗಳ ಮೇಲೆ ಆ ಚೋದಕಕ್ಕೆ ತಕ್ಕ ಗ್ರಾಹಕವಿದೆಯೋ ಆ ಅಂಗ ಮಾತ್ರ ಕೆಲಸಕ್ಕೆ ತೊಡಗುತ್ತದೆ. ಚೋದಕವನ್ನು ಬೀಗದಕೈ ಎಂದುಕೊಂಡರೆ ಗ್ರಾಹಕವೇ ಬೀಗ. ಬೀಗದಕೈ ಊರೆಲ್ಲ ಸುತ್ತಿದರೂ ತೆರೆಯುವುದು ತನ್ನ ಮನೆಯ ಬಾಗಿಲನ್ನು ಮಾತ್ರ. ಬೀಗದಕೈ ಇದ್ದು ಬೀಗವಿಲ್ಲದಿದ್ದರೂ, ಬೀಗವಿದ್ದು ಬೀಗದಕೈ ಇಲ್ಲದಿದ್ದರೂ ಕೆಲಸ ನಡೆಯದು.

ಮೊದಲ ದಾರಿ ತೋರಿದವರು

ಕೀಟದ ಮೆದುಳು ಚೋದಕವನ್ನು ಸುರಿಸುತ್ತದೆ ಎಂದು ಮೊಟ್ಟಮೊದಲು ತೋರಿಸಿದವರು ಪೋಲೆಂಡಿನ ವಿಜ್ಞಾನಿ ಸ್ಟೆಫಾನ್ ಕೋಪೆಚ್. 1917 ಮತ್ತು 1922ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳು ಬಹು ಸರಳವಾದವು. ಜಿಪ್ಸಿ ಪತಂಗದ ಬಲಿತ ಹುಳುವಿನ ನಡುವಿಗೆ ದಾರ ಬಿಗಿದು ರಕ್ತ ಹಿಂದಕ್ಕೂ ಮುಂದಕ್ಕೂ ಹರಿಯದಂತೆ ಮಾಡಿದರು. ಕೊನೆಯ ಹಂತದ ಆರಂಭದಲ್ಲಿಯೇ ದಾರ ಕಟ್ಟಿದರೆ ಮುಂಭಾಗ ಮಾತ್ರ ಕೋಶಾವಸ್ಥೆಗೆ ತಿರುಗಿ, ಹಿಂಭಾಗ ಹುಳುವಾಗಿಯೇ ಉಳಿಯಿತು. ಕೆಲವು ದಿನ ತಡೆದು ಕಟ್ಟಿದರೆ ಎರಡೂ ಭಾಗಗಳು ಕೋಶವಾದವು. ನರದ ಹುರಿಯನ್ನು ಕತ್ತರಿಸಿದರೆ ಏನೂ ವ್ಯತ್ಯಾಸವಾಗಲಿಲ್ಲ. ಮೆದುಳನ್ನೇ ಮೊದಲು ತೆಗೆದರೆ ಹುಳು ಬದುಕಿದ್ದರೂ ಕೋಶವಾಗಲಿಲ್ಲ. ಮೆದುಳಿನ ಅಪ್ಪಣೆ ನರದ ಮೂಲಕವಲ್ಲ, ರಕ್ತದ ಮೂಲಕ ಹೋಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆ ಕಾಲದಲ್ಲಿ ಇದನ್ನು ನಂಬಿದವರು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡನ್ನು ಆಕ್ರಮಿಸಿದ್ದ ಜರ್ಮನ್ನರು 1941ರಲ್ಲಿ ಕೋಪೆಚ್ ಅವರನ್ನು ಗುಂಡಿಕ್ಕಿ ಕೊಂದರು. ಅವರ ಶೋಧ ಸಂಪೂರ್ಣ ಮನ್ನಣೆ ಪಡೆದದ್ದು ಅನಂತರ.

ಮುಂದಿನ ಕೆಲಸಕ್ಕೆ ರೇಷ್ಮೆ ಹುಳುವೇ ಆಧಾರವಾಯಿತು. 1940ರಲ್ಲಿ ಜಪಾನಿನ ಸೋಯಿಚಿ ಫುಕುದಾ ಅವರು ರೇಷ್ಮೆ ಹುಳುವಿನ ಎದೆಯ ಭಾಗದ ಗ್ರಂಥಿಯೊಂದು ಜ್ವರಕ್ಕೂ ಕೋಶಾವಸ್ಥೆಗೂ ಕಾರಣವೆಂದು ತೋರಿಸಿದರು. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಅವರು 500 ಕಿಲೋ ರೇಷ್ಮೆ ಕೋಶಗಳನ್ನು ಅರೆದು ಸೋಸಿ, ಆ ಗ್ರಂಥಿಯ ಚೋದಕವಾದ ಎಕ್ಡೈಸೋನನ್ನು ಕೇವಲ 25 ಮಿಲಿಗ್ರಾಂ ಪಡೆದರು. ಹತ್ತು ಪಲ್ಲ ರಾಗಿಯನ್ನು ಬೀಸಿ ಚಿಟಿಕೆ ಹಿಟ್ಟನ್ನೂ ಪಡೆಯದಂತಹ ಕೆಲಸವಿದು.

ಎದೆಯ ಗ್ರಂಥಿಗೆ ಅಪ್ಪಣೆ ಕೊಡುವ ಮೆದುಳಿನ ಚೋದಕವನ್ನು ಹಿಡಿಯುವುದು ಇನ್ನೂ ಕಷ್ಟವಾಯಿತು. 1962ರಲ್ಲಿ ಅದು ಕೊಲೆಸ್ಟರಾಲ್ ಎಂದು ಕೆಲವರು ಪ್ರಕಟಿಸಿದರು. ಅಲ್ಲ, ಅದು ಪ್ರೋಟೀನು ಎಂದು ಇಚಿಕಾವಾ ಮತ್ತು ಇಶಿಜಾಕಿ ವಾದಿಸಿದರು. ಇಶಿಜಾಕಿ ಮತ್ತು ಸುಜುಕಿ ಅವರ ತಂಡ ಲಕ್ಷಗಟ್ಟಲೆ ರೇಷ್ಮೆ ಚಿಟ್ಟೆಗಳ ತಲೆಗಳನ್ನು ಸಂಗ್ರಹಿಸಿ ದಶಕಗಳ ಕಾಲ ದುಡಿಯಿತು. 1990ರಲ್ಲಿ ಆ ಚೋದಕದ ಪೂರ್ಣ ರಚನೆ ತಿಳಿದು, ಪ್ರೋಟೀನು ಎಂದವರ ಮಾತೇ ನಿಜವಾಯಿತು. ಅದು ಹೊಂದಿಕೊಳ್ಳುವ ಬೀಗ ಯಾವುದೆಂಬುದು ಹಣ್ಣಿನ ನೊಣದ ಅಧ್ಯಯನದಿಂದ 2009ರಲ್ಲಿ ಗೊತ್ತಾಯಿತು. ಬೀಗದಕೈ ದೊರೆತ ಮೇಲೂ ಬೀಗವನ್ನು ಹುಡುಕಲು ಇಪ್ಪತ್ತು ವರ್ಷ ಹಿಡಿಯಿತು.

ತಾಯಿಯ ಋಣ: ಮೊಟ್ಟೆಯ ನಿದ್ರೆ

ಬೆಳೆಗಾರರ ಕಸುಬಿಗೆ ಅತಿ ಹತ್ತಿರವಾದ ನರಚೋದಕವೆಂದರೆ ಮೊಟ್ಟೆಯನ್ನು ನಿದ್ರೆಗೆ ಕಳುಹಿಸುವ ಸುಪ್ತಚೋದಕ. ದ್ವಿತಳಿ ರೇಷ್ಮೆ ಚಿಟ್ಟೆ ಇಟ್ಟ ಮೊಟ್ಟೆಗಳು ಸಾಮಾನ್ಯವಾಗಿ ಹತ್ತು ದಿನದಲ್ಲಿ ಒಡೆಯುವುದಿಲ್ಲ. ಎರಡು ಮೂರು ದಿನದಲ್ಲಿ ಬಣ್ಣ ಕಪ್ಪಿಟ್ಟು ತಿಂಗಳುಗಟ್ಟಲೆ ಸುಪ್ತಾವಸ್ಥೆಯಲ್ಲಿ ಮಲಗಿಬಿಡುತ್ತವೆ. ಚಳಿ ದೇಶಗಳಲ್ಲಿ ಹಿಪ್ಪುನೇರಳೆ ಎಲೆ ಉದುರಿ ಬೋಳಾಗುವ ಕಾಲವನ್ನು ದಾಟಲು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಮೈಸೂರು ತಳಿಯ ಮೊಟ್ಟೆಗಳಿಗೆ ಈ ನಿದ್ರೆಯಿಲ್ಲ. ವರ್ಷವೆಲ್ಲ ಸೊಪ್ಪು ಸಿಗುವ ಈ ಸೀಮೆಯಲ್ಲಿ ಅವು ಬೆಳೆಯ ಮೇಲೆ ಬೆಳೆ ಕೊಡುತ್ತಲೇ ಬಂದಿವೆ.

1951ರಲ್ಲಿ ಜಪಾನಿನ ಕಿನ್ಸಾಕು ಹಸೆಗಾವಾ ಮತ್ತು ಸೋಯಿಚಿ ಫುಕುದಾ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಈ ನಿದ್ರೆಯ ಮೂಲವನ್ನು ಪತ್ತೆ ಹಚ್ಚಿದರು. ಹೆಣ್ಣು ಕೋಶದ ಅನ್ನನಾಳದ ಕೆಳಗೆ ಒಂದು ನರಗಂಟಿದೆ. ಅದನ್ನು ತೆಗೆದರೆ ನಿದ್ರಿಸಬೇಕಾದ ಮೊಟ್ಟೆಗಳು ನಿದ್ರಿಸದೆ ಒಡೆದವು. ಅದೇ ನರಗಂಟನ್ನು ನಿದ್ರೆಯಿಲ್ಲದ ಮೊಟ್ಟೆ ಇಡುವ ಹೆಣ್ಣಿನ ಒಡಲಲ್ಲಿ ನಾಟಿದರೆ ಆಕೆಯ ಮೊಟ್ಟೆಗಳು ನಿದ್ರೆಗೆ ಹೋದವು. ಹಸೆಗಾವಾ ಅವರು 1957ರಲ್ಲಿ ಆ ಚೋದಕದ ಸಾರವನ್ನು ಬೇರ್ಪಡಿಸಿದ ವರದಿಯನ್ನು ಪ್ರಕಟಿಸಿದರು. ಅದು 24 ಅಮೈನೋ ಆಮ್ಲಗಳ ಪೆಪ್ಟೈಡ್ ಎಂಬುದು 1991ರಲ್ಲಿ ತಿಳಿಯಿತು. ಅದರ ಗ್ರಾಹಕ ಹೆಣ್ಣಿನ ಅಂಡಾಶಯದಲ್ಲಿದೆ ಎಂಬುದು 2006ರಲ್ಲಿ ಸ್ಥಿರಪಟ್ಟಿತು. 2015ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಬೀಗದಕೈಯ ಜೀನನ್ನಾಗಲಿ ಬೀಗದ ಜೀನನ್ನಾಗಲಿ ಕೆಡಿಸಿದಾಗ ಮೊಟ್ಟೆಗಳು ನಿದ್ರೆಗೆ ಹೋಗಲಿಲ್ಲ. ಹೀಗೆ ಅರವತ್ತು ವರ್ಷಗಳ ಹಿಂದಿನ ಮಾತು ರುಜುವಾತಾಯಿತು.

ಈ ಚೋದಕ ಅಂಡಾಶಯದ ಬೀಗವನ್ನು ತೆರೆದೊಡನೆ, ರಕ್ತದ ಸಕ್ಕರೆ ಬೆಳೆಯುತ್ತಿರುವ ಮೊಟ್ಟೆಯೊಳಕ್ಕೆ ಹೆಚ್ಚಾಗಿ ಸೇರಿ ಗ್ಲೈಕೊಜನ್ ಆಗಿ ಶೇಖರವಾಗುತ್ತದೆ. ಮೊಟ್ಟೆ ನಿದ್ರೆಗೆ ಜಾರಿದಾಗ ಆ ಗ್ಲೈಕೊಜನ್ನೇ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಮಾರ್ಪಟ್ಟು ಚಳಿಯಿಂದ ರಕ್ಷಿಸುತ್ತದೆ. ಚಳಿ ಕಳೆದ ಮೇಲೆ ಸಾರ್ಬಿಟಾಲ್ ಮತ್ತೆ ಗ್ಲೈಕೊಜನ್ ಆಗಿ, ಮೊಟ್ಟೆಯೊಳಗಿನ ಭ್ರೂಣ ಬೆಳೆಯತೊಡಗುತ್ತದೆ. ಕಣಜ ತುಂಬಿಟ್ಟುಕೊಂಡು ಮಳೆಗಾಲ ಕಾಯುವ ಒಕ್ಕಲಿನಂತೆಯೇ ಇದು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ನಿದ್ರೆ ಮೊಟ್ಟೆಯ ಗುಣವಾಗಿ ಕಂಡರೂ ಅದನ್ನು ನಿರ್ಧರಿಸುವವಳು ತಾಯಿ. ಆದ್ದರಿಂದಲೇ ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿ ಮೊಟ್ಟೆಗಳು ಯಾವ ಉಪಚಾರವೂ ಇಲ್ಲದೆ ಒಡೆಯುತ್ತವೆ. ತಾಯಿ ದ್ವಿತಳಿಯಾದರೆ ಮೊಟ್ಟೆ ಮಲಗುತ್ತದೆ. ಅದನ್ನು ಎಬ್ಬಿಸಲು ಬಿತ್ತನೆ ಕೋಠಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಉಪಚಾರ ಮಾಡಲೇಬೇಕು. ಮೊಟ್ಟೆಯಿಟ್ಟ ಸುಮಾರು 20 ಗಂಟೆಗಳ ನಂತರ, 1.075 ಸಾಂದ್ರತೆಯ ಆಮ್ಲದಲ್ಲಿ, 46 ಡಿಗ್ರಿ ಸೆಂ. ಶಾಖದಲ್ಲಿ, 5 ನಿಮಿಷ ಅದ್ದಿ ತೊಳೆಯುವುದು ಸಾಮಾನ್ಯ ಕ್ರಮ. ಸಮಯವಾಗಲಿ ಶಾಖವಾಗಲಿ ತಪ್ಪಿದರೆ ಮೊಟ್ಟೆ ಒಡೆಯುವ ಪ್ರಮಾಣ ಕುಸಿಯುತ್ತದೆ. ಇದು ತರಬೇತಾದವರ ಕೆಲಸವೇ ಹೊರತು ಮನೆಯಲ್ಲಿ ಮಾಡತಕ್ಕದ್ದಲ್ಲ.

ಗೂಡು ಚೆನ್ನಾಗಿ ಬಂದಿದೆ, ನಾಲ್ಕು ಗೂಡು ಉಳಿಸಿಕೊಂಡು ಮನೆಯಲ್ಲೇ ಮೊಟ್ಟೆ ಮಾಡಿಕೊಂಡರೆ ಬಿತ್ತನೆಯ ಖರ್ಚು ಉಳಿಯಿತಲ್ಲ ಎಂದು ಯೋಚಿಸುವವರಿಗೆ ಉತ್ತರ ಇಲ್ಲಿಯೇ ಇದೆ. ದ್ವಿತಳಿ ತಾಯಿಯ ಮೊಟ್ಟೆ ಮಲಗಿಬಿಡುತ್ತದೆ. ಮಲಗದೆ ಒಡೆದರೂ ಮಿಶ್ರ ಪೀಳಿಗೆಯ ಗುಣಗಳು ಒಡೆದು ಹುಳುಗಳು ಹಲವು ಬಗೆಯಾಗುತ್ತವೆ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದ ಕಾರಣ ಗಂಟುರೋಗ ಬಂದರೆ ಮನೆಯೇ ಕೆಡುತ್ತದೆ.

ಅಜ್ಜಿಯ ಕಾಲದ ಶಾಖ

ಇನ್ನೂ ಸೋಜಿಗದ ಸಂಗತಿಯೊಂದಿದೆ. ದ್ವಿತಳಿ ಹೆಣ್ಣು ನಿದ್ರಿಸುವ ಮೊಟ್ಟೆ ಇಡುವಳೋ ಇಲ್ಲವೋ ಎಂಬುದು, ಆ ಹೆಣ್ಣು ಸ್ವತಃ ಮೊಟ್ಟೆಯೊಳಗಿದ್ದಾಗ ಕಂಡ ಶಾಖವನ್ನೂ ಬೆಳಕನ್ನೂ ಅವಲಂಬಿಸಿದೆ. ಮೊಟ್ಟೆಗಳನ್ನು 25 ಡಿಗ್ರಿಯಲ್ಲಿ ಬೆಳಕಿನಲ್ಲಿ ಕಾವು ಕೊಟ್ಟರೆ, ಅದರಿಂದ ಬಂದ ಹೆಣ್ಣುಗಳು ನಿದ್ರಿಸುವ ಮೊಟ್ಟೆಗಳನ್ನಿಡುತ್ತವೆ. 15 ಡಿಗ್ರಿಯಲ್ಲಿ ಕತ್ತಲೆಯಲ್ಲಿ ಕಾವು ಕೊಟ್ಟರೆ ನಿದ್ರಿಸದ ಮೊಟ್ಟೆಗಳನ್ನಿಡುತ್ತವೆ. ಭ್ರೂಣದಲ್ಲಿ ಶಾಖವನ್ನು ಅರಿಯುವ ಪ್ರೋಟೀನೊಂದು ಇದಕ್ಕೆ ಕಾರಣವೆಂದು 2014ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅಂದು ಕಂಡ ಶಾಖದ ನೆನಪು ಹುಳುವಿನ ಐದು ಹಂತಗಳನ್ನು ದಾಟಿ, ಕೋಶಾವಸ್ಥೆಯಲ್ಲಿ ಸುಪ್ತಚೋದಕದ ರೂಪದಲ್ಲಿ ಹೊರಬೀಳುತ್ತದೆ.

ಗೂಡನ್ನು ನೂಲು ಬಿಚ್ಚುವವರಿಗೆ ಮಾರುವ ಬೆಳೆಗಾರನಿಗೆ ಮುಂದಿನ ಪೀಳಿಗೆಯ ಚಿಂತೆಯಿಲ್ಲ. ಬಿತ್ತನೆ ಗೂಡು ಬೆಳೆಯುವವರಿಗೆ ಮಾತ್ರ ಈ ಸಂಗತಿ ಅತಿ ಮುಖ್ಯ. ಕಾವು ಕೊಡುವ ಕೊಠಡಿಯಲ್ಲಿ ಇಂದು ತಪ್ಪಿದ ಶಾಖ ಒಂದೂವರೆ ತಿಂಗಳ ನಂತರ ಬಿತ್ತನೆ ಕೋಠಿಯಲ್ಲಿ ಗೊಂದಲಕ್ಕೆ ಕಾರಣವಾಗಬಹುದು.

ಮೊಟ್ಟೆ ಒಡೆಯುವ ಗಡಿಯಾರ

1970ರಲ್ಲಿ ಅಮೆರಿಕದ ಟ್ರೂಮನ್ ಮತ್ತು ರಿಡಿಫೋರ್ಡ್ ಎಂಬ ವಿಜ್ಞಾನಿಗಳು ಎರಡು ಜಾತಿಯ ಕಾಡು ರೇಷ್ಮೆ ಪತಂಗಗಳ ಮೆದುಳುಗಳನ್ನು ಅದಲುಬದಲು ಮಾಡಿದರು. ಒಂದು ಜಾತಿ ಬೆಳಿಗ್ಗೆ ಕೋಶದಿಂದ ಹೊರಬರುವಂಥದು, ಮತ್ತೊಂದು ಸಂಜೆಯ ಕಡೆಗೆ. ಮೆದುಳು ಬದಲಾದ ಮೇಲೆ ಹೊರಬರುವ ವೇಳೆಯೂ ಬದಲಾಯಿತು. ಮೆದುಳಿನಲ್ಲಿ ಬೆಳಕಿಗೆ ಹೊಂದಿಕೊಂಡ ಗಡಿಯಾರವಿದೆ, ವೇಳೆಯಾದಾಗ ಅದು ಒಂದು ನರಚೋದಕವನ್ನು ಬಿಡುತ್ತದೆ ಎಂಬುದು ಇದರಿಂದ ತಿಳಿಯಿತು.

ರೇಷ್ಮೆ ಮೊಟ್ಟೆ ಒಡೆಯುವುದೂ ಬೆಳಕನ್ನು ಅನುಸರಿಸುತ್ತದೆ. ನೀಲಿ ಹಂತಕ್ಕೆ ಬಂದ ಮೊಟ್ಟೆಗಳನ್ನು ಕಪ್ಪು ಪೆಟ್ಟಿಗೆಯಲ್ಲೋ ಕಪ್ಪು ಬಟ್ಟೆಯಲ್ಲೋ ಸುತ್ತಿ ಸುಮಾರು 48 ಗಂಟೆ ಕತ್ತಲೆಯಲ್ಲಿಟ್ಟು, ಮೂರನೆಯ ದಿನ ಬೆಳಗಿನ ಜಾವ ಬೆಳಕಿಗೆ ತೆರೆಯಬೇಕೆಂದು ಹೇಳುವುದು ಇದಕ್ಕೇ. ಮುಂದಿರುವ ಭ್ರೂಣ ಕತ್ತಲೆಯಲ್ಲಿ ತಡೆದು ನಿಲ್ಲುತ್ತದೆ, ಹಿಂದುಳಿದದ್ದು ಬಂದು ಕೂಡಿಕೊಳ್ಳುತ್ತದೆ, ಬೆಳಕು ಬಿದ್ದೊಡನೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ನೂರು ಮೊಟ್ಟೆ ಎಂದರೆ ನಲವತ್ತು ಐವತ್ತು ಸಾವಿರ ಹುಳುಗಳು. ಅವು ಒಂದೇ ದಿನ ಹುಟ್ಟಿದರೆ ಮುಂದಿನ ಇಪ್ಪತ್ತೈದು ದಿನದ ಕೆಲಸವೆಲ್ಲ ಹಗುರ.

ಹಣ್ಣಾಗುವುದು ಮತ್ತು ಹಣ್ಣಾಗದಿರುವುದು

ಹುಳು ಜ್ವರಕ್ಕೆ ಕೂರುವುದಕ್ಕೂ ಗೂಡು ಕಟ್ಟುವುದಕ್ಕೂ ಎಕ್ಡೈಸೋನೇ ಬೇಕು. ಯಾವುದಾಗಬೇಕೆಂಬುದನ್ನು ಮೆದುಳಿನ ಹಿಂದಿರುವ ಪುಟ್ಟ ಗ್ರಂಥಿಗಳಿಂದ ಬರುವ ಬಾಲ್ಯಚೋದಕ ತೀರ್ಮಾನಿಸುತ್ತದೆ. ಬಾಲ್ಯಚೋದಕ ಇರುವಾಗ ಎಕ್ಡೈಸೋನ್ ಬಂದರೆ ಹುಳು ಪೊರೆ ಬಿಟ್ಟು ಮತ್ತೆ ಹುಳುವೇ ಆಗುತ್ತದೆ. ಐದನೆಯ ಹಂತದಲ್ಲಿ ಬಾಲ್ಯಚೋದಕ ಇಳಿದುಹೋದ ಮೇಲೆ ಎಕ್ಡೈಸೋನ್ ಬಂದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ರೂಪಿಸಿರುವ 'ಸಂಪೂರ್ಣ' ಎಂಬ ಸಸ್ಯಮೂಲದ ತಯಾರಿಕೆ ಎಕ್ಡೈಸೋನಿನಂತೆಯೇ ಕೆಲಸ ಮಾಡುತ್ತದೆ. ಮೊದಲ ಹಣ್ಣುಹುಳುಗಳು ಕಂಡಾಗ ಸೊಪ್ಪಿನ ಮೇಲೆ ಸಿಂಪಡಿಸಿ ಕೊಟ್ಟರೆ ಹಿಂದುಳಿದವೂ ಬೇಗ ಹಣ್ಣಾಗಿ ಒಟ್ಟಿಗೆ ಚಂದ್ರಿಕೆಗೆ ಬರುತ್ತವೆ. ಅವಸರಪಟ್ಟು ಮೊದಲೇ ಕೊಟ್ಟರೆ ರೇಷ್ಮೆ ಗ್ರಂಥಿ ತುಂಬುವ ಮುನ್ನವೇ ಹುಳು ಹಣ್ಣಾಗಿ ಗೂಡು ತೆಳುವಾಗುತ್ತದೆ. ಆದಕಾರಣ ಸೀಸೆಯ ಮೇಲಿನ ಸೂಚನೆಯನ್ನು ಮೀರಬಾರದು.

ಇದಕ್ಕೆ ವಿರುದ್ಧವಾದ ಅಪಾಯ ಪಕ್ಕದ ಹೊಲದಿಂದ ಬರುತ್ತದೆ. ಇಟಲಿಯಲ್ಲಿ 1980ರ ದಶಕದ ಕೊನೆಯಿಂದ ಹುಳುಗಳು ಐದನೆಯ ಹಂತದಲ್ಲಿಯೇ ಮೇಯುತ್ತಾ ಉಳಿದು ಗೂಡು ಕಟ್ಟದೆ ಸಾಯತೊಡಗಿದವು. ಹಣ್ಣಿನ ತೋಟಗಳಿಗೆ ಸಿಂಪಡಿಸುತ್ತಿದ್ದ ಫೆನಾಕ್ಸಿಕಾರ್ಬ್ ಎಂಬ ಔಷಧಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಎಲೆಯ ಮೇಲೆ ಕೂತದ್ದೇ ಇದಕ್ಕೆ ಕಾರಣ. ಅದು ಬಾಲ್ಯಚೋದಕದ ನಕಲು. ಕಳ್ಳ ಬೀಗದಕೈಯಂತೆ ಅದು ಬೀಗ ತೆರೆದೇ ಇಟ್ಟಿದ್ದರಿಂದ ಹುಳುವಿನ ಬಾಲ್ಯ ಮುಗಿಯಲೇ ಇಲ್ಲ. ಹುಳುವನ್ನು ಕೂಡಲೇ ಕೊಲ್ಲದಷ್ಟು ಅಲ್ಪ ಪ್ರಮಾಣವೇ ಬೆಳೆಯನ್ನು ಹಾಳುಮಾಡಿತು.

ಈ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ನಾಲೆ ಬಯಲಿನಲ್ಲಿ ಹಿಪ್ಪುನೇರಳೆ ತೋಟದ ಬದುವಿನಾಚೆಯೇ ಭತ್ತ, ಕಬ್ಬು. ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ತೋಟದ ಪಕ್ಕದಲ್ಲಿಯೇ ಕೊಳವೆ ಬಾವಿಯ ತರಕಾರಿ. ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಬಾಲ್ಯಚೋದಕದ ನಕಲೇ. ಭತ್ತದ ಕಂದು ಜಿಗಿಹುಳುವಿಗೆ ಬಳಸುವ ಬುಪ್ರೊಫೆಜಿನ್, ತರಕಾರಿಯ ಹುಳುಗಳಿಗೆ ಬಳಸುವ ನೊವಾಲ್ಯುರಾನ್ ಪೊರೆ ಕಟ್ಟುವುದನ್ನೇ ತಡೆಯುವಂಥವು. ಭತ್ತ ಮತ್ತು ಕಬ್ಬಿನ ಕೊರಕ ಹುಳುವಿಗೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ಮಾಂಸಖಂಡದೊಳಗಿನ ಒಂದು ಗ್ರಾಹಕವನ್ನು ಹಿಡಿಯುತ್ತದೆ. ರೇಷ್ಮೆ ಹುಳುವಿಗೆ ಅದು ಘೋರ ವಿಷ, ಎಲೆಯ ಮೇಲೆ ಬಹು ದಿನ ಉಳಿಯುವಂಥದು. ಮನುಷ್ಯರಿಗೂ ದನಕರುಗಳಿಗೂ ಅಷ್ಟಾಗಿ ಬಾಧಿಸದ ಔಷಧಿ ರೇಷ್ಮೆ ಹುಳುವಿಗೂ ಬಾಧಿಸದು ಎಂದು ತಿಳಿಯುವುದು ತಪ್ಪು. ಕೊರಕ ಹುಳುವೂ ರೇಷ್ಮೆ ಹುಳುವೂ ಪತಂಗದ ಮಕ್ಕಳೇ, ಅವುಗಳ ಬೀಗಗಳೂ ಹೆಚ್ಚುಕಡಿಮೆ ಒಂದೇ.

ಮುಂದೆ ಬರಲಿರುವುದು

ನರಚೋದಕಗಳನ್ನೇ ಕೀಟನಾಶಕವಾಗಿ ಬಳಸಬಹುದೇ ಎಂದು ವಿಜ್ಞಾನಿಗಳು ಬಹುಕಾಲದಿಂದ ಯೋಚಿಸುತ್ತಿದ್ದಾರೆ. 1989ರಲ್ಲಿ ಅಮೆರಿಕದಲ್ಲಿ ಅಶೋಕ್ ರೈನಾ ಮತ್ತು ಸಂಗಡಿಗರು ಜೋಳದ ತೆನೆಹುಳುವಿನ ಹೆಣ್ಣು ಪತಂಗ ಗಂಡನ್ನು ಕರೆಯುವ ವಾಸನೆಯನ್ನು ತಯಾರಿಸಲು ಅಪ್ಪಣೆ ಕೊಡುವ 33 ಅಮೈನೋ ಆಮ್ಲಗಳ ನರಚೋದಕವನ್ನು ಗುರುತಿಸಿದರು. ಅದರ ಕೊನೆಯ ತುದಿ ರೇಷ್ಮೆ ಹುಳುವಿನ ಸುಪ್ತಚೋದಕದ ತುದಿಯನ್ನೇ ಹೋಲುತ್ತದೆ. ಬೀಗದಕೈಯ ಹಲ್ಲುಗಳು ಒಂದೇ ಬಗೆಯವು.

ಆದರೆ ಪೆಪ್ಟೈಡನ್ನು ಹಾಗೆಯೇ ಸಿಂಪಡಿಸಿದರೆ ಪ್ರಯೋಜನವಿಲ್ಲ. ಅದು ಕೀಟದ ಚರ್ಮವನ್ನು ದಾಟದು, ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ. ಬೇಗ ಕೆಡದ ನಕಲುಗಳನ್ನು ತಯಾರಿಸುವ ಪ್ರಯತ್ನಗಳು ನಡೆದಿವೆ. ಅವು ಪೇಟೆಗೆ ಬಂದಾಗ ರೇಷ್ಮೆ ಸೀಮೆಯ ರೈತರು ಮೊದಲು ಕೇಳಬೇಕಾದ ಪ್ರಶ್ನೆ, ಇದು ರೇಷ್ಮೆ ಹುಳುವಿನ ಬೀಗವನ್ನೂ ತೆರೆಯುತ್ತದೆಯೇ ಎಂಬುದೇ ಆಗಿರಬೇಕು.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು

1. ಮೊಟ್ಟೆಯನ್ನು ಪರವಾನಗಿ ಪಡೆದ ಬಿತ್ತನೆ ಕೋಠಿಯಿಂದಲೇ ಕೊಳ್ಳಬೇಕು. ಬಿಸಿಲು ಏರುವ ಮೊದಲು, ಒದ್ದೆ ಬಟ್ಟೆಯ ತಂಪಿನಲ್ಲಿ ಸಾಗಿಸಬೇಕು.

2. ಕಾವು ಕೊಡುವಾಗ 25 ಡಿಗ್ರಿ ಸೆಂ. ಶಾಖ, ಶೇಕಡ 75ರಿಂದ 80 ತೇವಾಂಶ, ದಿನಕ್ಕೆ 16 ಗಂಟೆ ಬೆಳಕು ಇರಬೇಕು. ನೀಲಿ ಹಂತದಲ್ಲಿ ಕಪ್ಪು ಪೆಟ್ಟಿಗೆಯ ಕ್ರಮ ತಪ್ಪಿಸಬಾರದು. ಮನೆಯಲ್ಲಿ ಅನುಕೂಲವಿಲ್ಲದವರು ಚಾಕಿ ಸಾಕಾಣಿಕೆ ಕೇಂದ್ರದಿಂದ ಚಾಕಿ ಹುಳುಗಳನ್ನು ತರುವುದು ಲೇಸು.

3. ಚಾಕಿ ಹುಳುಗಳಿಗೆ 26ರಿಂದ 28 ಡಿಗ್ರಿ, ಬಲಿತ ಹುಳುಗಳಿಗೆ 23ರಿಂದ 25 ಡಿಗ್ರಿ ಶಾಖ ಸೂಕ್ತ. ನಾಗಮಂಗಲದಂತಹ ಒಣ ಸೀಮೆಯಲ್ಲಿ ಬೇಸಿಗೆಯಲ್ಲಿ ಒದ್ದೆ ಗೋಣಿತಾಟಿನ ಪರದೆ, ಛಾವಣಿಯ ಮೇಲೆ ತೆಂಗಿನ ಗರಿ ಉಪಯುಕ್ತ.

4. ಒಂದು ತಟ್ಟೆಗೆ ಒಂದೇ ವಯಸ್ಸಿನ ಸೊಪ್ಪು ಕೊಡಬೇಕು. ಎಳೆಯದೂ ಬಲಿತದ್ದೂ ಬೆರೆತರೆ ಹುಳುಗಳ ತೂಕ ಹಿಂದುಮುಂದಾಗುತ್ತದೆ. ತೂಕ ತುಂಬದ ಹುಳುವಿಗೆ ಮೆದುಳಿನ ಅಪ್ಪಣೆಯೂ ತಡವಾಗುತ್ತದೆ. ಹಿಪ್ಪುನೇರಳೆ ಗಿಡಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ನೀರನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದೇ ಸಮನಾದ ಬೆಳೆಗೆ ಬುನಾದಿ.

5. ಹುಳು ಜ್ವರಕ್ಕೆ ಕುಳಿತಾಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಗಾಳಿ ಆಡುವಂತೆ ಮಾಡಬೇಕು. ನೂರಕ್ಕೆ ತೊಂಬತ್ತೈದು ಹುಳುಗಳು ಜ್ವರದಿಂದ ಎದ್ದ ಮೇಲೆಯೇ ಮತ್ತೆ ಸೊಪ್ಪು ಹಾಕಬೇಕು.

6. ಅಕ್ಕಪಕ್ಕದ ಹೊಲದವರೊಡನೆ ಮಾತನಾಡಿ, ಸಿಂಪಡಿಸುವ ದಿನವನ್ನೂ ಔಷಧಿಯ ಹೆಸರನ್ನೂ ಮುಂಚಿತವಾಗಿ ತಿಳಿದಿರಬೇಕು. ಅನುಮಾನವಿದ್ದ ಸೊಪ್ಪನ್ನು ಮೊದಲು ಕೆಲವೇ ಹುಳುಗಳಿಗೆ ಕೊಟ್ಟು ನೋಡುವುದು ಒಳ್ಳೆಯದು. ಆದರೆ ಬೆಳವಣಿಗೆ ತಡೆಯುವ ಔಷಧಿಗಳ ಪರಿಣಾಮ ಒಂದೆರಡು ದಿನದಲ್ಲಿ ಕಾಣದು. ಬದುವಿನಂಚಿನ ಸಾಲುಗಳ ಸೊಪ್ಪನ್ನು ಹುಳುವಿಗೆ ಹಾಕದಿರುವುದೇ ಕ್ಷೇಮ. ಔಷಧಿ ಹೊಡೆದ ಪಂಪು, ಕೈ, ಬಟ್ಟೆಗಳನ್ನು ಸಾಕಾಣಿಕೆ ಮನೆಯೊಳಕ್ಕೆ ಬಿಡಬಾರದು.

ಬಾಂಧವರೇ, ದಾರ ಕಟ್ಟಿದ ಒಂದು ಹುಳುವಿನಿಂದ ಆರಂಭವಾದ ಶೋಧ ನೂರು ವರ್ಷ ದಾಟಿ ಬಂದಿದೆ. ಅದರ ಸಾರವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಹುಳು ತನ್ನ ಕೆಲಸವನ್ನು ತಾನೇ ಬಲ್ಲದು, ಅದರ ಬೀಗದಕೈ ಅದರ ತಲೆಯಲ್ಲಿಯೇ ಇದೆ. ಶಾಖ, ಬೆಳಕು, ಸೊಪ್ಪು ಈ ಮೂರನ್ನೂ ಹೊತ್ತಿಗೆ ಸರಿಯಾಗಿ ಒದಗಿಸುವುದು ಮತ್ತು ಹೊರಗಿನ ಕಳ್ಳ ಬೀಗದಕೈ ಒಳಗೆ ಬಾರದಂತೆ ಕಾಯುವುದು ಬೆಳೆಗಾರನ ಕೆಲಸ. ಅಷ್ಟು ಮಾಡಿದವರ ಚಂದ್ರಿಕೆ ತುಂಬುವುದರಲ್ಲಿ ಸಂದೇಹವಿಲ್ಲ.